ಯಾಕಂತ ಹೇಳಿ ಒಗಿ

ಬೋರಗಾಂವದಲ್ಲಿ ನಾನು ಓದಿದ ಹೈಸ್ಕೂಲಿನ ಆಫೀಸ್ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅದು ಅಲುಗಾಡದಿರಲೆಂದು ಬುಡಕ್ಕೆ ಒಂದು ಕಬ್ಬಿಣದ ಗುಂಡು ಇಟ್ಟಿದ್ದರು. ಅದು ಆಟದ ಸಾಮಾನು ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾನು ಎಂಟನೆಯ ಇಯತ್ತೆಗೆ ಹೋದ ವರ್ಷ ಧಾರವಾಡದ ಕಡೆಯ ಒಬ್ಬ ಆಟದ ಅಕ್ಕೋರು, ಅಂದರೆ ಟೀಚರು, ನಮ್ಮ ಸಾಲೆಗೆ ಬಂದರು. ತೆಳ್ಳಗಿದ್ದರು, ಚಿಕ್ಕ ವಯಸ್ಸು, ಸೀರೆಯ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಅವರು ಆ ಗುಂಡನ್ನು ಕಂಡು, ಎದುರಿಗೆ ಸಿಕ್ಕ ನನಗೆ ಅದನ್ನು ಮೈದಾನಕ್ಕೆ ತರಲು ಹೇಳಿದರು. ನಾನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಿ ಎಲ್ಲಿ ಇಡಲಿ ಎಂದು ಕೇಳಿದೆ. ಇಡಬೇಡ, ಅಲ್ಲೇ ದೂರ ಒಗಿ ಎಂದರು. ಒಗೆದೆ. ಅವರು ಗುಂಡು ಬಿದ್ದಲ್ಲಿಗೆ ನಡೆದು ಹೋಗಿ ನಿಂತು, ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

ಆ ವಯಸ್ಸಿಗೆ ನಾನು ಬಹಳ ದಪ್ಪ ಎಲುಬಿನ ಹುಡುಗಿ. ನಮ್ಮದು ದೂಧಗಂಗೆಯ ದಂಡೆಗೆ ಕಬ್ಬು, ತಂಬಾಕು ಬೆಳೆಯುವ ಮನೆತನ. ಮನೆ ಹೊಲದಲ್ಲೇ ಇತ್ತು. ಹಾಲು, ಮೊಸರು, ಜೋಳದ ರೊಟ್ಟಿಗೆ ಕೊರತೆ ಇರಲಿಲ್ಲ, ಕೆಲಸಕ್ಕೂ ಕೊರತೆ ಇರಲಿಲ್ಲ. ಮದುವೆ ಮುಂಜಿಗಳಲ್ಲಿ ಅತ್ತೆಯಂದಿರು ನನ್ನ ತೋಳು ಹಿಡಿದು ನೋಡಿ, ಇವಳಿಗೆ ವರ ಹುಡುಕಲು ಕೊಲ್ಹಾಪುರದ ಪೈಲವಾನರ ಮನೆಗೇ ಹೋಗಬೇಕು ಎಂದು ನಗುತ್ತಿದ್ದರು. ಸಾಲೆಯ ಫೋಟೋ ತೆಗೆಸುವಾಗ ನಾನು ಹಿಂದಿನ ಸಾಲಿನಲ್ಲಿ ಮೊಣಕಾಲು ಬಗ್ಗಿಸಿ ನಿಲ್ಲುತ್ತಿದ್ದೆ. ಹೀಗಿರುವಾಗ ಅಕ್ಕೋರು ಬಂದು, ದೇವರು ನಿನಗೆ ಭುಜ ಕೊಟ್ಟಿದ್ದಾನೆ, ಅದನ್ನು ಮುಚ್ಚಿಕೊಂಡು ಯಾಕೆ ತಿರುಗುತ್ತಿ ಎಂದು ಕೇಳಿದರು. ಆ ಮಾತು ಕೇಳಿ ಮನೆಗೆ ಹೋಗುವಾಗ ನಾನು ನೆಟ್ಟಗೆ ನಡೆದದ್ದು ನನಗೆ ನೆನಪಿದೆ.

ಮೊದಲ ವರ್ಷ ಎಲ್ಲವೂ ತಾನಾಗಿ ಬಂತು. ಅಕ್ಕೋರು ಗುಂಡನ್ನು ಕುತ್ತಿಗೆಗೆ ಹೇಗೆ ಆನಿಸಬೇಕು, ಬೆರಳು ಹೇಗೆ ಇಡಬೇಕು ಎಂದು ತೋರಿಸಿಕೊಟ್ಟರು. ಪ್ರತಿ ತಿಂಗಳು ಗುಂಡು ಒಂದು ಗೇಣು ಮುಂದೆ ಹೋಗುತ್ತಿತ್ತು. ಒಂಬತ್ತನೆಯ ಇಯತ್ತೆಯಲ್ಲಿ ಚಿಕ್ಕೋಡಿಯ ತಾಲೂಕು ಕ್ರೀಡಾಕೂಟದಲ್ಲಿ ಮೊದಲು ಬಂದೆ. ಆಗಿನ್ನೂ ನಿಪ್ಪಾಣಿ ಕಡೆಯ ನಾವೆಲ್ಲ ಚಿಕ್ಕೋಡಿ ತಾಲೂಕಿನವರೇ. ಆ ಬಳಿಕ ಬೆಳಗಾವಿಯ ಜಿಲ್ಲಾ ಕೂಟಕ್ಕೆ ಹೋದೆವು. ಅಲ್ಲಿ ಅಥಣಿ ಕಡೆಯ ಒಬ್ಬ ಎತ್ತರದ ಹುಡುಗಿ ಒಗೆದ ಗುಂಡು ನನ್ನದಕ್ಕಿಂತ ಎಷ್ಟು ದೂರ ಹೋಯಿತೆಂದರೆ, ನಾನು ಒಗೆಯುವ ಮೊದಲೇ ಸೋತುಬಿಟ್ಟೆ. ಬಹುಮಾನದ ಹತ್ತಿರವೂ ಸುಳಿಯಲಿಲ್ಲ. ಬಸ್ಸಿನಲ್ಲಿ ಅಕ್ಕೋರು ನನಗೇನೂ ಬಯ್ಯಲಿಲ್ಲ. ಇನ್ನೂ ಒಂದು ವರ್ಷ ಇದೆಯಲ್ಲ ಎಂದಷ್ಟೇ ಹೇಳಿದರು.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಗುಂಡು ಮುಂದೆ ಹೋಗುವುದನ್ನೇ ನಿಲ್ಲಿಸಿತು. ದೀಪಾವಳಿ ಮುಗಿಯಿತು, ಸಂಕ್ರಾಂತಿ ಮುಗಿಯಿತು, ತಂಬಾಕು ಕೊಯ್ದು ಒಣಗಿಸಿದ್ದೂ ಆಯಿತು, ಗುಂಡು ಮಾತ್ರ ಬಿದ್ದಲ್ಲೇ ಬೀಳುತ್ತಿತ್ತು. ಮೈದಾನದ ಆ ಜಾಗದಲ್ಲಿ ಒಂದು ತಗ್ಗೇ ಬಿದ್ದಿತ್ತು. ಕಬಡ್ಡಿ ಆಡುವ ಹುಡುಗರು ಅದರಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದು ನನ್ನನ್ನು ಬಯ್ಯುತ್ತಿದ್ದರು. ನನಗೆ ತಿಳಿದಿದ್ದ ಉಪಾಯ ಒಂದೇ, ಇನ್ನಷ್ಟು ಒಗೆಯುವುದು. ಸಾಲೆ ಬಿಟ್ಟ ಮೇಲೆ ಒಗೆಯುತ್ತಿದ್ದೆ, ರವಿವಾರ ಬಂದು ಒಗೆಯುತ್ತಿದ್ದೆ. ಕೈ ಸೋತರೂ ಬಿಡುತ್ತಿರಲಿಲ್ಲ. ಒಕ್ಕಲುತನದ ಮನೆಯಲ್ಲಿ ಬೆಳೆದವಳಿಗೆ ಹೆಚ್ಚು ದುಡಿದರೆ ಹೆಚ್ಚು ಬೆಳೆ ಎಂಬುದರಾಚೆ ಏನು ಗೊತ್ತಿರುತ್ತದೆ? ಕೊನೆಗೆ ಮಣಿಕಟ್ಟು ಬಾತುಕೊಂಡಿತು. ಅವ್ವ ಅದಕ್ಕೆ ಅರಿಷಿಣ ಕಾಯಿಸಿ ಕಟ್ಟಿದಳು. ರೊಟ್ಟಿ ಬಡಿಯುವ ಕೈಯನ್ನು ಕಬ್ಬಿಣಕ್ಕೆ ಕೊಟ್ಟು ಹಾಳು ಮಾಡಿಕೊಂಡೆ ಎಂದು ಗೊಣಗಿದಳು.

ಅಕ್ಕೋರು ನನ್ನ ಕೈಯ ಪಟ್ಟಿ ನೋಡಿ ಕಟ್ಟೆಯ ಮೇಲೆ ಕೂರಿಸಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ನೀನು ಮೈಗಳ್ಳಿ ಎನ್ನುತ್ತಿದ್ದರು, ಇಲ್ಲವೇ ನಿನ್ನ ಶಕ್ತಿ ಇಷ್ಟೇ ಎಂದು ಬಿಟ್ಟುಬಿಡುತ್ತಿದ್ದರು. ಅವರು ಎರಡನ್ನೂ ಹೇಳಲಿಲ್ಲ.

"ನನಗ ಬರೂದೆಲ್ಲಾ ನಿನಗ ಹೇಳಿಕೊಟ್ಟೀನಿ," ಎಂದರು. "ಇದರ ಮುಂದ ನನಗೂ ತಿಳೀವಲ್ದು. ತಿಳದವರನ್ನ ಕೇಳೂಣು."

ಒಬ್ಬ ಶಿಕ್ಷಕಿ ತನ್ನ ವಿದ್ಯಾರ್ಥಿನಿಗೆ ಹೀಗೆ ಹೇಳಬಹುದೆಂದು ನಾನು ಅಂದುಕೊಂಡಿರಲಿಲ್ಲ. ಮುಂದೆ ನಾನೇ ಶಿಕ್ಷಕಿಯಾದ ಮೇಲೆ ಆ ಮಾತು ಆಡುವುದು ಎಷ್ಟು ಕಷ್ಟ ಎಂಬುದು ಗೊತ್ತಾಯಿತು.

ಅವರು ಕೇಳಲು ಹೋದದ್ದು ಊರಿನ ತಾಲೀಮಿನ ವಸ್ತಾದರನ್ನು. ವಸ್ತಾದರೆಂದರೆ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಹುಡುಗರಿಗೆ ಕುಸ್ತಿ ಕಲಿಸುವ ಗುರು. ಮುಸಲ್ಮಾನರು, ಅರವತ್ತರ ಹತ್ತಿರದ ವಯಸ್ಸು, ಕುಸ್ತಿ ಹಿಡಿದು ಹಿಡಿದು ಎರಡೂ ಕಿವಿ ಮುದುಡಿ ಗಂಟುಗಟ್ಟಿದ್ದವು. ಮನೆಯಲ್ಲೇ ಎರಡು ಮಗ್ಗ ಇಟ್ಟುಕೊಂಡಿದ್ದರು. ಬೆಳಿಗ್ಗೆ ಮತ್ತು ಸಂಜೆ ತಾಲೀಮು, ನಡುವೆ ಮಗ್ಗ. ನಮ್ಮ ಊರಿನ ಓಣಿಗಳಲ್ಲಿ ಪವರ್‌ಲೂಮಿನ ಸದ್ದು ನಿಲ್ಲುತ್ತಿರಲಿಲ್ಲ. ಆ ಓಣಿಯವರು ಮಾತನಾಡುವಾಗ ದನಿ ಒಂದು ಪಟ್ಟು ಏರಿಸಿಯೇ ಮಾತನಾಡುತ್ತಿದ್ದರು, ಮಗ್ಗ ನಿಂತಾಗಲೂ ಹಾಗೆಯೇ.

ಅಕ್ಕೋರು, ಅವ್ವ ಮತ್ತು ನಾನು ಮೂವರೂ ಹೋದೆವು. ಅವ್ವ ಬಂದದ್ದು ನನ್ನನ್ನು ಒಬ್ಬಳನ್ನೇ ಕಳಿಸಲು ಮನಸ್ಸಿಲ್ಲದೆ. ವಸ್ತಾದರು ತಾಲೀಮಿನ ಹೊಸ್ತಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಒಳಗೆ ಹೆಣ್ಣುಮಕ್ಕಳು ಬರುವ ಪದ್ಧತಿ ಇಲ್ಲ ಎಂದು ನಯವಾಗಿಯೇ ಹೇಳಿದರು. ಹಾಗಾದರೆ ನೀವೇ ಹೊರಗೆ ಬನ್ನಿ ಎಂದರು ಅಕ್ಕೋರು. ವಸ್ತಾದರು ನಕ್ಕು, ನಮ್ಮನ್ನು ಪಕ್ಕದ ತಮ್ಮ ಮನೆಯ ಅಂಗಳಕ್ಕೆ ಕರೆದೊಯ್ದರು. ಅವರ ಹೆಂಡತಿ ಚಾಪೆ ಹಾಸಿದರು. ಆಕೆಯನ್ನು ಊರೆಲ್ಲ ಚಾಚಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ.

ಬೇವಿನ ಗಿಡದ ಕೆಳಗೆ ನಿಂತು ನಾನು ಒಂದೆರಡು ಸಲ ಗುಂಡು ಒಗೆದು ತೋರಿಸಿದೆ. ವಸ್ತಾದರು ನನ್ನ ಕೈಯನ್ನಾಗಲಿ ಗುಂಡನ್ನಾಗಲಿ ನೋಡುತ್ತಿರಲಿಲ್ಲ, ನನ್ನ ಪಾದ ಊರಿದ ನೆಲ ನೋಡುತ್ತಿದ್ದರು. ಬಹಳ ಹೊತ್ತು ಒಗೆದ ಮೇಲೆ ನಿನಗೆ ಮೈಯಲ್ಲಿ ಎಲ್ಲಿ ದಣಿವಾಗುತ್ತದೆ ಎಂದು ಕೇಳಿದರು. ಕೈ ಎಂದೆ. ಸೊಂಟ? ಇಲ್ಲ. ತೊಡೆ? ಇಲ್ಲ.

"ಕೈ ಅಷ್ಟ ದಣೀತೈತಿ ಅಂದ್ರ ಕೈ ಅಷ್ಟ ದುಡದೈತಿ, ಬೇಟಿ," ಎಂದರು. "ಉಳದ ಮೈ ಎಲ್ಲಾ ಮದವೀಗಿ ಬಂದ ಬೀಗರಂಗ ಸುಮ್ಮ ನಿಂತ ನೋಡಾಕತ್ತೈತಿ."

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅದರ ಹಿಂದೆಯೇ ಅವರು ಹೇಳಿದ ಮಾತು ಮಾತ್ರ ನನಗೆ ನಗು ತರಿಸಲಿಲ್ಲ. ತಾವು ಹೇಳುವವರೆಗೆ ನಾನು ಗುಂಡು ಮುಟ್ಟಬಾರದಂತೆ. ಅದನ್ನು ಚಾಚಿಯ ಕೈಗೆ ಕೊಟ್ಟುಬಿಟ್ಟರು. ಚಾಚಿ ಅದನ್ನು ಕೋಳಿಬುಟ್ಟಿಯ ಹಿಂದೆ ಇಟ್ಟರು. ಹೊಲದ ಹಾದಿಯುದ್ದಕ್ಕೂ ನಾನು ಅಳುತ್ತಾ ನಡೆದೆ. ಒಗೆದು ಒಗೆದೇ ಮುಂದೆ ಹೋಗಲಾಗದವಳು ಒಗೆಯದೆ ಹೇಗೆ ಮುಂದೆ ಹೋಗುತ್ತೇನೆ?

ಆ ಬೇಸಿಗೆ ಪೂರ್ತಿ ನಾನು ಆ ಅಂಗಳಕ್ಕೆ ಹೋದೆ. ಬೈಠಕ್ ಎಂದು ಕೂತು ಕೂತು ಏಳುವುದು, ಉಸುಕಿನ ಚೀಲ ಹೆಗಲ ಮೇಲೆ ಹೊತ್ತು ಓಣಿಯ ಬಾವಿಯ ಇಳಿಜಾರು ಹತ್ತುವುದು, ಹಗ್ಗ ಹಿಡಿದು ಬೇವಿನ ಕೊಂಬೆಗೆ ಏರುವುದು. ಸಲ್ವಾರಿನ ಮೇಲೆ ಅಣ್ಣನ ಹಳೆಯ ಅಂಗಿ ಹಾಕಿಕೊಂಡು ಇದನ್ನೆಲ್ಲ ಮಾಡಿದೆ. ಅವ್ವ ಮೊದಮೊದಲು ಕಾವಲಿಗೆಂದು ಬಂದು ಕೂರುತ್ತಿದ್ದಳು. ಚಾಚಿಗೆ ಕನ್ನಡಕ್ಕಿಂತ ಮರಾಠಿ ಹಗುರ, ಅವ್ವನಿಗೆ ಮರಾಠಿ ಅರ್ಧ ಮರ್ಧ. ಇಬ್ಬರೂ ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಮಾತನಾಡುತ್ತಾ ಶೇಂಗಾ ಸುಲಿಯುತ್ತಿದ್ದರು. ಕ್ರಮೇಣ ನನ್ನ ಕಸರತ್ತು ಇಲ್ಲದ ದಿನವೂ ಅವ್ವ ಒಂದು ತಂಬಿಗೆ ಮಜ್ಜಿಗೆ ಹಿಡಿದು ಆ ಮನೆಗೆ ಹೋಗತೊಡಗಿದಳು. ಹೊಲದ ಒಂಟಿ ಮನೆಯಲ್ಲಿದ್ದ ಅವಳಿಗೆ ಅದುವರೆಗೆ ಹಾಗೆ ಹೋಗಿ ಕೂರುವ ಜಾಗ ಊರೊಳಗೆ ಇರಲಿಲ್ಲ. ನನ್ನ ಗುಂಡಿನಿಂದ ಮೊದಲು ಲಾಭವಾದದ್ದು ನನ್ನ ಅವ್ವನಿಗೆ.

ವಸ್ತಾದರು ವಾರದಲ್ಲಿ ಎರಡು ದಿನ ಏನೂ ಮಾಡಬೇಡ ಎಂದಿದ್ದರು. ಅದನ್ನು ಮನೆಯಲ್ಲಿ ತಿಳಿಸಿ ಹೇಳುವುದೇ ಕಷ್ಟವಾಯಿತು. ಎದ್ದು ನಿಲ್ಲುವ ಶಕ್ತಿ ಇರುವ ಮನುಷ್ಯ ಹಗಲು ಹೊತ್ತು ಸುಮ್ಮನೆ ಕೂರುವುದು ನಮ್ಮ ಮನೆತನದಲ್ಲೇ ಇರಲಿಲ್ಲ. ನೀರು ತರುವುದು, ದನಕ್ಕೆ ಹಾಕುವುದು ನನ್ನ ಪಾಲಿನ ಕೆಲಸಗಳು. ಆ ಎರಡು ದಿನ ಅವ್ವ ಅವನ್ನು ತಾನೇ ಮಾಡಿದಳು. ನಾನು ಎದ್ದು ಕೊಡ ಹಿಡಿದರೆ, ಮೈ ಬೆಳೆಯುವುದು ಮಲಗಿದಾಗಲೇ ಎಂದು ವಸ್ತಾದರು ಹೇಳಿದ್ದಾರೆ, ನೀನು ಬಿದ್ದುಕೋ ಎಂದು ಗದರುತ್ತಿದ್ದಳು.

ಜೂನಿನಲ್ಲಿ ಮಿರ್ಗದ ಮಳೆ ಬಂದು ಸಾಲೆ ಶುರುವಾಯಿತು. ನಾನು ಹತ್ತನೆಯ ಇಯತ್ತೆಗೆ ಬಂದಿದ್ದೆ. ಚಾಚಿ ಕೋಳಿಬುಟ್ಟಿಯ ಹಿಂದಿನಿಂದ ಗುಂಡು ತೆಗೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ ನನ್ನ ಕೈಗೆ ಕೊಟ್ಟರು. ಎಷ್ಟು ದಿನದ ಆಸೆ! ಮೈದಾನಕ್ಕೆ ಓಡಿಹೋಗಿ ಒಗೆದೆ. ಗುಂಡು ಹಳೆಯ ತಗ್ಗಿನವರೆಗೂ ಮುಟ್ಟದೆ ಈಚೆಗೇ ಬಿತ್ತು. ಮರುದಿನವೂ ಹಾಗೇ, ಮರುವಾರವೂ ಹಾಗೇ.

ಅಕ್ಕೋರ ಮುಖ ಸಣ್ಣದಾಯಿತು. ಕ್ರೀಡಾಕೂಟ ದೂರವಿರಲಿಲ್ಲ. ಅಪ್ಪನಿಗೂ ಸುದ್ದಿ ಮುಟ್ಟಿ, ಹತ್ತನೆಯ ಪರೀಕ್ಷೆಯ ವರ್ಷ ಇದನ್ನು ಬಿಟ್ಟು ಓದಿಕೊಳ್ಳಬಾರದೇಕೆ ಎಂದು ಊಟಕ್ಕೆ ಕುಳಿತಾಗ ಅವ್ವನ ಮುಂದೆ ಅಂದ. ನನಗೂ ಬಿಟ್ಟುಬಿಡೋಣ ಅನಿಸಿತ್ತು. ಮೈಯೇನೋ ಗಟ್ಟಿಯಾಗಿತ್ತು, ಅಣ್ಣನಿಗೂ ಏಳದ ಚೀಲವನ್ನು ನಾನು ಎತ್ತುತ್ತಿದ್ದೆ. ಆದರೆ ಗುಂಡು ಒಗೆಯುವಾಗ ಕಾಲುಗಳು ನೆಲಕ್ಕೆ ಅಂಟಿಕೊಂಡಂತೆ ಭಾರವಾಗುತ್ತಿದ್ದವು.

ಒಂದು ಸಂಜೆ ವಸ್ತಾದರು ತಾವಾಗಿಯೇ ಸಾಲೆಯ ಮೈದಾನಕ್ಕೆ ಬಂದರು. ತಲೆಗೆ ಟವೆಲ್ಲು ಸುತ್ತಿಕೊಂಡು, ಜಿನುಗುವ ಮಳೆಯಲ್ಲಿ ನಿಂತು ನಾನು ಒಗೆಯುವುದನ್ನು ನೋಡಿದರು.  ಆಮೇಲೆ ಅಕ್ಕೋರತ್ತ ತಿರುಗಿದರು.

"ತಪ್ಪ ನಂದೈತ್ರಿ ಬಾಯಾರ," ಎಂದರು. "ನಾ ಈಕೀನ್ನ ಪೈಲವಾನನಂಗ ತಯಾರ ಮಾಡೀನಿ. ಪೈಲವಾನಗ ನೆಲಕ್ಕ ಊರಿ ನಿಂದ್ರೂದ ಬೇಕು. ಈಕಿಗೆ ನೆಲಾ ಬಿಡೂದ ಬೇಕು. ನಿಮ್ಮ ಕಾಲೇಜನ್ಯಾಗ ಇದನ್ನ ಹೆಂಗ ಕಲಿಸಿದ್ರು, ನನಗ ತೋರಸ್ರಿ."

ಅಕ್ಕೋರು ಸೆರಗು ಬಿಗಿದು, ಸೀರೆ ತುಸು ಮೇಲೆ ಸಿಕ್ಕಿಸಿ, ಗುಂಡು ಕೈಗೆ ತೆಗೆದುಕೊಂಡರು. ಒಗೆಯುವ ದಿಕ್ಕಿಗೆ ಬೆನ್ನು ಹಾಕಿ ನಿಂತು, ಬಗ್ಗಿ, ಒಂಟಿ ಕಾಲಲ್ಲಿ ಹಿಂದಕ್ಕೆ ಜಾರಿ, ಗಕ್ಕನೆ ತಿರುಗಿ ಕೈ ಚಾಚಿದರು. ಅವರ ಸಣ್ಣ ಮೈಗೆ ಗುಂಡು ಹೆಚ್ಚು ದೂರ ಹೋಗಲಿಲ್ಲ, ಆದರೆ ಆ ಚಲನೆ ಒಂದೇ ಓಟದಲ್ಲಿ ಹರಿದಂತಿತ್ತು. ಅದನ್ನು ನನಗೆ ಮೊದಲೂ ಕಲಿಸಿದ್ದರು. ನಾನು ಬರೀ ಹೆಜ್ಜೆಗಳನ್ನು ಕಲಿತಿದ್ದೆ. ವಸ್ತಾದರು ಇನ್ನೊಮ್ಮೆ ಮಾಡಿ ಎಂದರು, ಮತ್ತೊಮ್ಮೆ ಎಂದರು. ಮೂರನೆಯ ಸಲಕ್ಕೆ ಅವರ ಮುಖ ಅರಳಿತು. ಇದು ನಮ್ಮ ಢಾಕ್ ಪೇಚೇ ಅಲ್ಲವೇ ಎಂದರು. ಢಾಕ್ ಎಂದರೆ ಎದುರಾಳಿಗೆ ಸೊಂಟ ಒಡ್ಡಿ, ಗಿರಕ್ಕನೆ ತಿರುಗಿ ಅವನನ್ನು ಮೇಲಿನಿಂದ ಒಗೆಯುವ ಕುಸ್ತಿಯ ಪಟ್ಟು. ಅಲ್ಲಿ ಕೈ ಬರೀ ಹಿಡಿದುಕೊಂಡಿರುತ್ತದೆ, ಒಗೆಯುವುದು ಸೊಂಟ. ಇಬ್ಬರೂ ಮಳೆಯಲ್ಲಿ ನಿಂತು, ಒಬ್ಬರು ಧಾರವಾಡದ ಕನ್ನಡದಲ್ಲಿ, ಇನ್ನೊಬ್ಬರು ಕನ್ನಡ, ಮರಾಠಿ, ಉರ್ದು ಕೂಡಿಸಿ, ಸೊಂಟ ಮೊದಲು ತಿರುಗಬೇಕೋ ಹಿಮ್ಮಡಿ ಮೊದಲು ತಿರುಗಬೇಕೋ ಎಂದು ಚರ್ಚೆ ಮಾಡಿದರು. ನಾನಿದ್ದೇನೆಂಬುದನ್ನೇ ಮರೆತಿದ್ದರು. ನನಗಾಗಿ ಇಬ್ಬರು ದೊಡ್ಡವರು ಹಾಗೆ ತಲೆ ಕೆಡಿಸಿಕೊಂಡದ್ದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಅಂದಿನಿಂದ ಕಸರತ್ತು ಬದಲಾಯಿತು. ಬೈಠಕ್ ಕಡಿಮೆಯಾಗಿ, ಕುಕ್ಕರಗಾಲಲ್ಲಿ ಕುಳಿತು ಕಟ್ಟೆಯ ಮೇಲೆ ಜಿಗಿಯುವುದು ಬಂತು. ಗುಂಡಿಲ್ಲದೆ ಬರೀ ಜಾರಿ ತಿರುಗುವುದು ಬಂತು. ಚಾಚಿ ನನ್ನ ಬೆನ್ನ ಹಿಂದೆ ನಿಂತು ಸೊಂಟದ ಮೇಲೆ ಅಂಗೈ ಇಟ್ಟಿರುತ್ತಿದ್ದರು. ಸೊಂಟಕ್ಕಿಂತ ಮೊದಲು ಭುಜ ತಿರುಗಿದರೆ ಅವರ ಕೈಗೆ ತಕ್ಷಣ ಗೊತ್ತಾಗುತ್ತಿತ್ತು. "ಭುಜಾ ಪಯಿಲಾ ಬಂತು," ಎಂದು ಅರ್ಧ ಮರಾಠಿಯಲ್ಲಿ ಹೇಳುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಒಗೆಯುವುದರಲ್ಲೇ ಆಯಿತು. ಇನ್ನು ಸುಮ್ಮನೆ ಒಗೆಯುವಂತಿರಲಿಲ್ಲ. ಪ್ರತಿ ಸಲ ಗುಂಡು ಕುತ್ತಿಗೆಗೆ ಆನಿಸುವ ಮೊದಲು ವಸ್ತಾದರು ಕೇಳುತ್ತಿದ್ದರು, ಯಾಕ ಒಗಿಯಾಕತ್ತಿ? ಮೊದಲ ದಿನ ದೂರ ಹೋಗಲೆಂದು ಎಂದೆ. ಅವರು ಗುಂಡನ್ನು ಕೈಯಿಂದ ಇಸಿದುಕೊಂಡರು.

"ದೂರ ಹೋಗೂದು ಅದರ ಕೆಲಸ. ನಿನ್ನ ಕೆಲಸ ಏನು? ಯಾಕಂತ ಹೇಳಿ ಒಗಿ. ಹೇಳಾಕ ಆಗಲಿಲ್ಲಂದ್ರ ಒಗೀಬ್ಯಾಡ, ಕುಂದ್ರು."

ನಾನು ಯೋಚಿಸಬೇಕಾಯಿತು. ಈ ಸಲ ಬಲಗಾಲಿನ ಹಿಮ್ಮಡಿ ತಿರುಗಲೆಂದು ಒಗೆಯುತ್ತೇನೆ. ಈ ಸಲ ಎಡಗೈ ಬೇಗ ಬಿಚ್ಚಿಕೊಳ್ಳದಿರಲೆಂದು ಒಗೆಯುತ್ತೇನೆ. ಈ ಸಲ ಜಾರಿದ ಮೇಲೆ ನಿಲ್ಲದಿರಲೆಂದು. ಒಗೆದ ಮೇಲೆ ಅವರು ಕೇಳುವುದು ಗುಂಡು ಎಲ್ಲಿ ಬಿತ್ತು ಎಂದಲ್ಲ, ಹೇಳಿದ್ದು ಆಯಿತೋ ಇಲ್ಲವೋ ಎಂದು. ಆಗಿದ್ದರೆ ಶಾಬಾಸ್, ಗುಂಡು ಕಾಲ ಬುಡದಲ್ಲಿ ಬಿದ್ದಿದ್ದರೂ ಶಾಬಾಸ್. ಮೊದಲು ನಾನು ಒಂದು ಸಂಜೆಗೆ ಒಗೆಯುತ್ತಿದ್ದುದರ ಕಾಲುಭಾಗವನ್ನೂ ಈಗ ಒಗೆಯುತ್ತಿರಲಿಲ್ಲ. ಆದರೂ ಮನೆಗೆ ಹೋಗುವಷ್ಟರಲ್ಲಿ ಮೈ ಎಲ್ಲ ದಣಿದಿರುತ್ತಿತ್ತು, ತಲೆ ಕೂಡ.

ಶ್ರಾವಣದಲ್ಲಿ ಮೈದಾನ ಕೆಸರಾಗಿ ಜಾರಿ ತಿರುಗುವುದು ಆಗದ ಮಾತಾಯಿತು. ಆಗ ಓದಿಕೋ ಎಂದಿದ್ದ ನನ್ನ ಅಪ್ಪ, ಯಾರಿಗೂ ಏನೂ ಹೇಳದೆ, ಮನೆಯ ಹಿಂದೆ ಕಬ್ಬು ಹಚ್ಚಬೇಕಿದ್ದ ಹೊಲದ ಅಂಚಿನ ಒಂದು ಪಟ್ಟಿಯನ್ನು ಹಾಗೇ ಬಿಟ್ಟ. ಅದರ ಮೇಲೆ ಎರಡು ಬಂಡಿ ಗರಸು ಮಣ್ಣು ತಂದು ಹಾಕಿ, ಕಲ್ಲಿನ ಉರುಳಿ ಹೊಡೆದ. ನಾನು ಸಾಲೆಯಿಂದ ಬಂದಾಗ ಅಲ್ಲಿ ಹಗ್ಗ ಗೂಟ ಹಿಡಿದು ಗುಂಡನೆಯ ಗೆರೆ ಎಳೆಯುತ್ತಿದ್ದ. ಎಷ್ಟು ಅಗಲ ಬೇಕು ಎಂದು ಕೇಳಿದ. ಅದು ಅವನು ನನ್ನ ಆಟದ ಬಗ್ಗೆ ಕೇಳಿದ ಮೊದಲ ಪ್ರಶ್ನೆ. ನಾನು ಚೀಲ ಬದಿಗಿಟ್ಟು, ಹಗ್ಗದ ಇನ್ನೊಂದು ತುದಿ ಹಿಡಿದು ಅಳತೆ ತೋರಿಸಿದೆ.

ಆ ಗರಸಿನ ಮೇಲೆಯೇ ಅದು ಆಯಿತು. ಅಂದು ವಸ್ತಾದರು ಇರಲಿಲ್ಲ, ಮಗ್ಗದ ಸಾಮಾನಿಗೆಂದು ಇಚಲಕರಂಜಿಗೆ ಹೋಗಿದ್ದರು. ಅಕ್ಕೋರೊಬ್ಬರೇ ಇದ್ದರು. ಯಾಕೆ ಎಂದು ಅವರು ಕೇಳಿದರು. ನೆಲ ಬಿಡಲೆಂದು ಎಂದೆ. ಜಾರಿದೆ, ಸೊಂಟ ತಿರುಗಿತು, ಭುಜ ಆಮೇಲೆ ಬಂತು, ಕೈ ತಾನಾಗಿ ಚಾಚಿತು. ಹೆಚ್ಚು ಶಕ್ತಿ ಹಾಕಿದೆ ಎಂದು ಅನಿಸಲೇ ಇಲ್ಲ, ಬದಲಿಗೆ ಏನೋ ತಪ್ಪಿಹೋಯಿತು ಎಂದುಕೊಂಡೆ. ಗುಂಡು ಗರಸಿನ ಪಟ್ಟಿ ದಾಟಿ ಅಪ್ಪ ಹಚ್ಚಿದ ಕಬ್ಬಿನೊಳಗೆ ಹೋಗಿ ಬಿತ್ತು. ಅಕ್ಕೋರು ಓಡಿಹೋಗಿ ಎಲೆ ಸರಿಸಿ ಹುಡುಕಿದರು. ಟೇಪು ಹಿಡಿಯಲು ಅವ್ವನನ್ನು ಕರೆದರು. ಅಳತೆ ಮುಗಿದ ಮೇಲೆ ಅಲ್ಲೇ ಕಬ್ಬಿನ ಬುಡದಲ್ಲಿ ಕುಳಿತುಬಿಟ್ಟರು. ಒಂದು ವರ್ಷದಿಂದ ಒಂದು ಬೆರಳೂ ಸರಿಯದ ಗುಂಡು ಎರಡು ಮೊಳ ಮುಂದೆ ಹೋಗಿತ್ತು. ಅವ್ವ ಅವರಿಗೆ ನೀರು ತಂದುಕೊಟ್ಟಳು. ನನಗೆ ಕೊಡುವುದನ್ನು ಮರೆತಳು.

ಚಿಕ್ಕೋಡಿಯ ಕೂಟದಲ್ಲಿ ಮತ್ತೆ ಮೊದಲು ಬಂದೆ. ಊರಿಗೆ ಬಂದು ಇಳಿದಾಗ ವಸ್ತಾದರ ತಾಲೀಮಿನ ಹುಡುಗರು ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಅವರಲ್ಲೊಬ್ಬ, ಹೆಣ್ಣುಹುಡುಗಿಗೆ ವಸ್ತಾದರು ಇಷ್ಟು ವೇಳೆ ಕೊಡುವುದೇಕೆ ಎಂದು ಹಿಂದೆ ಓಣಿಯಲ್ಲೆಲ್ಲ ಆಡಿಕೊಂಡಿದ್ದವನು. ವಸ್ತಾದರು ಅವನ ಕೈಯಿಂದಲೇ ನನಗೆ ಹಾರ ಹಾಕಿಸಿದರು. "ಇಕಿ ನಮ್ಮ ತಾಲೀಮಿನಾಕಿ," ಎಂದರು. ನಾನು ಒಂದು ದಿನವೂ ಆ ತಾಲೀಮಿನ ಹೊಸ್ತಿಲು ದಾಟಿದವಳಲ್ಲ. ಆ ಹುಡುಗ ನಾಚಿ ನಕ್ಕ, ನಾನೂ ನಕ್ಕೆ.

ಜಿಲ್ಲಾ ಕೂಟದಲ್ಲಿ ಅಥಣಿ ಕಡೆಯ ಆ ಎತ್ತರದ ಹುಡುಗಿಯೇ ಮತ್ತೆ ಗೆದ್ದಳು. ನಾನು ಎರಡನೆಯವಳು. ಸೋತದ್ದಕ್ಕೆ ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು, ಆದರೆ ಹಿಂದಿನ ವರ್ಷದ ಬೇಸರ ಅದಾಗಿರಲಿಲ್ಲ. ಬರುವಾಗ ಇಬ್ಬರಿಗೂ ಒಂದೇ ಬಸ್ಸು. ಅದು ಚಿಕ್ಕೋಡಿ ಹಾದು ಅಥಣಿಗೆ ಹೋಗುವ ಬಸ್ಸು. ಅವಳು ಬಂದು ನನ್ನ ಪಕ್ಕ ಕುಳಿತಳು. ಅಥಣಿ ತಾಲೂಕಿನ ಅನಂತಪುರದವಳು, ದ್ರಾಕ್ಷಿ ತೋಟದ ಮನೆಯವಳು. ಡಬ್ಬಿಯಿಂದ ಶೇಂಗಾ ಹೋಳಿಗೆ ತೆಗೆದು ಕೊಟ್ಟಳು. ನಾನು ಅವ್ವ ಕಟ್ಟಿದ್ದ ಚಪಾತಿ ಪಲ್ಯ ಬಿಚ್ಚಿದೆ. ತಿನ್ನುತ್ತಾ ಅವಳು, ಹೋದ ವರ್ಷ ಒಗೆದಷ್ಟೇ ದೂರವನ್ನು ತಾನು ಈ ವರ್ಷವೂ ಒಗೆದಿದ್ದೇನೆ, ನೀನು ಹೇಗೆ ಇಷ್ಟು ಮುಂದೆ ಬಂದೆ ಎಂದು ಕೇಳಿದಳು. ಗೆದ್ದವಳಿಗೂ ನನಗಿದ್ದ ಕಷ್ಟವೇ ಇತ್ತು! ಹೇಳಬೇಕೋ ಬೇಡವೋ ಎಂದು ಅಕ್ಕೋರ ಮುಖ ನೋಡಿದೆ. ಅವರು ಹೇಳು ಎಂಬಂತೆ ತಲೆಯಾಡಿಸಿದರು. ಚಿಕ್ಕೋಡಿ ಬರುವವರೆಗೆ ಢಾಕ್ ಪೇಚು, ಕಟ್ಟೆಯ ಜಿಗಿತ, ಚಾಚಿಯ ಅಂಗೈ ಎಲ್ಲವನ್ನೂ ಹೇಳಿದೆ. ಅವಳು ವಿಭಾಗ ಮಟ್ಟದಲ್ಲಿ ಏನು ಮಾಡಿದಳೋ ನನಗೆ ತಿಳಿಯಲಿಲ್ಲ. ಒಳ್ಳೆಯದೇ ಆಗಿರಲಿ ಎಂದು ಇಂದಿಗೂ ಅಂದುಕೊಳ್ಳುತ್ತೇನೆ.

ನಿಪ್ಪಾಣಿಯಲ್ಲಿ ಪಿಯುಸಿ ಮುಗಿದ ಮೇಲೆ ಆ ಎರಡನೆಯ ಬಹುಮಾನದ ಬಲದಿಂದ ದೈಹಿಕ ಶಿಕ್ಷಣದ ಕೋರ್ಸಿಗೆ ಸೀಟು ಸಿಕ್ಕಿತು. ತೊಂಬತ್ತರ ದಶಕದ ಆರಂಭದಲ್ಲಿ ರಾಯಬಾಗದ ಒಂದು ಹೈಸ್ಕೂಲಿಗೆ ಆಟದ ಟೀಚರ್ ಆಗಿ ಸೇರಿದೆ. ಅತ್ತೆಯಂದಿರು ಹೆದರಿದ್ದ ಮದುವೆಯೂ ಸುಸೂತ್ರವಾಗಿ ಆಯಿತು. ನನ್ನ ಗಂಡ ಪೈಲವಾನನಲ್ಲ, ಗಣಿತ ಕಲಿಸುವ ಮೇಷ್ಟ್ರು. ಮನೆಯಲ್ಲಿ ಸಿಲಿಂಡರ್ ಎತ್ತುವುದು ನಾನೇ. ಅಕ್ಕೋರು ಅಷ್ಟರಲ್ಲಿ ವರ್ಗವಾಗಿ ಧಾರವಾಡದ ಕಡೆಗೆ ಹೋಗಿದ್ದರು. ಕೆಲಸದ ಸುದ್ದಿ ತಿಳಿಸಲು ಅಲ್ಲಿಗೆ ಹೋದಾಗ ಅವರು ನನ್ನ ಭುಜ ಹಿಡಿದು ತಮ್ಮ ಮಕ್ಕಳಿಗೆ ತೋರಿಸಿದರು.

ತವರಿಗೆ ಹೋದಾಗಲೆಲ್ಲ ವಸ್ತಾದರ ಮನೆಗೆ ಹೋಗುತ್ತಿದ್ದೆ. ಹಾಗೆ ಹೋದ ಒಂದು ಸಲ, ಅವರ ಮೊಣಕಾಲು ನೋವು ಬಲಿತು ಅವರು ತಾಲೀಮಿನಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದ್ದ ಕಾಲ, ನಾನು ನಿಮ್ಮಿಂದ ನನಗೆ ಅನ್ನ ಸಿಕ್ಕಿತು ಎಂದೆ. ಅವರಿಗೆ ಆ ಮಾತು ಹಿಡಿಸಲಿಲ್ಲ. ನಾನು ಬರುವ ಮೊದಲು ತಾವು ಇಪ್ಪತ್ತು ಇಪ್ಪತ್ತೈದು ವರ್ಷ ಎಲ್ಲ ಹುಡುಗರಿಗೂ ಒಂದೇ ಕಸರತ್ತು ಹೇಳಿಕೊಡುತ್ತಿದ್ದುದನ್ನು ಹೇಳಿದರು. ತಮ್ಮ ವಸ್ತಾದರು ಹೇಳಿಕೊಟ್ಟದ್ದು, ಅದನ್ನೇ ಹಾಗೇ ದಾಟಿಸುತ್ತಾ ಬಂದಿದ್ದರು. ಯಾವ ಹುಡುಗನಿಗೆ ಏನು ಕಡಿಮೆ ಎಂದು ನಿಂತು ನೋಡಿದವರಲ್ಲ.

"ನೀ ಬಂದಿ, ನನಗ ಗೊತ್ತಿಲ್ಲದ ಆಟ ತಂದಿ," ಎಂದರು. "ಆವಾಗ ನಾ ನೋಡೂದ ಕಲತೆ. ಅದರ ಮ್ಯಾಲ ಬಂದ ಹುಡುಗೂರಿಗೆ ಛಲೋ ಕಲಿಸೀನಿ. ನೀ ಏನ ಉಪಕಾರ ಅಂತಿ, ಹಿಸೇಬ ಸಮಾ ಆತು."

ಸಮ ಹೇಗಾದೀತು ಎಂದು ನಾನು ವಾದ ಮಾಡಿದೆ. ಅವರು ಒಪ್ಪಲಿಲ್ಲ. ಒಳಗಿನಿಂದ ಚಾಚಿ ಚಹಾ ತಂದರು, ಹಿಂದೆಯೇ ಅವ್ವನೂ ಬಂದಳು. ನಾನು ಬರುವ ಸುದ್ದಿ ಕೇಳಿ ಮುಂಚೆಯೇ ಅಲ್ಲಿಗೆ ಬಂದು ಕುಳಿತಿದ್ದಳು. ವಸ್ತಾದರು ಚಹಾ ಬಸಿಗೆ ಸುರಿದುಕೊಂಡು, ಈಗ ರಾಯಬಾಗದಲ್ಲಿ ನಿನ್ನ ಕೈಯಲ್ಲಿ ಎಂಥ ಮಕ್ಕಳಿದ್ದಾರೆ, ಒಬ್ಬೊಬ್ಬರ ಬಗ್ಗೆ ಹೇಳು ಎಂದರು. ನಾನು ಹೇಳತೊಡಗಿದೆ. ಅವರು ನಡುವೆ ತಡೆದು, ಆ ಉದ್ದ ಜಿಗಿತದ ಹುಡುಗಿಗೆ ಓಡುವಾಗ ಕಣ್ಣು ಎಲ್ಲಿರುತ್ತದೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಸೋಮವಾರ ನೋಡಿ ಹೇಳುತ್ತೇನೆ ಎಂದೆ.